ಉದಾಸೀನವೋ, ನಿರ್ಲಕ್ಷ್ಯವೋ, ಅಸಡ್ಡೆಯೋ: ಯಾವ ಮಾತು ಎಲ್ಲಿಗೆ ಸರಿ?

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಯಾವ ದಿನದ ಪೇಪರ್ ತೆಗೆದರೂ ಜಿಲ್ಲಾ ಪುಟದಲ್ಲಿ ಈ ಥರದ ತಲೆಬರಹ ಇದ್ದೇ ಇರುತ್ತದೆ. 'ಅಧಿಕಾರಿಗಳ ನಿರ್ಲಕ್ಷ್ಯ: ಹಳ್ಳ ಹಿಡಿದ ಕಾಮಗಾರಿ'. 'ಮನವಿ ಕೊಟ್ಟರೂ ಕ್ಯಾರೇ ಎನ್ನದ ಪಂಚಾಯಿತಿ'. 'ಕಲ್ಯಾಣ ಕರ್ನಾಟಕಕ್ಕೆ ಮತ್ತೆ ಮಲತಾಯಿ ಧೋರಣೆ'. ಮೇಲ್ನೋಟಕ್ಕೆ ಮೂರೂ ಒಂದೇ. ಯಾರೋ ಯಾರನ್ನೋ ಕಡೆಗಣಿಸಿದ್ದಾರೆ, ಅಷ್ಟೇ ಅಲ್ವಾ?

ಅಲ್ಲ. ಮೊದಲನೆಯದು ಕೆಲಸ ಮಾಡಲಿಲ್ಲ ಅನ್ನುವ ದೂರು. ಎರಡನೆಯದು ಮರ್ಯಾದೆ ಕೊಡಲಿಲ್ಲ ಅನ್ನುವ ಸಿಟ್ಟು. ಮೂರನೆಯದು ಬೇರೆಯವರಿಗೆ ಕೊಟ್ಟು ನಮಗೆ ಕೊಡಲಿಲ್ಲ ಅನ್ನುವ ನೋವು. ಇಂಗ್ಲಿಷಿನಲ್ಲಿ ಇಂಡಿಫರೆನ್ಸ್ ಅಂತ ಒಂದು ಮಾತಿದೆ. ಅದಕ್ಕೆ ಕನ್ನಡದ ನಿಘಂಟು ತೆರೆದರೆ ಉದಾಸೀನ, ನಿರ್ಲಕ್ಷ್ಯ, ಅಸಡ್ಡೆ, ಉಪೇಕ್ಷೆ, ತಾತ್ಸಾರ, ತಟಸ್ಥತೆ, ನಿರ್ಲಿಪ್ತತೆ ಅಂತ ಸಾಲು ಸಾಲು ಸಿಗುತ್ತವೆ. ಸಾಲಿನಲ್ಲಿ ಯಾವುದನ್ನಾದರೂ ಎತ್ತಿಕೊಂಡು ಬರೆಯಬಹುದು ಅಂದುಕೊಳ್ಳುವವರೇ ಜಾಸ್ತಿ.

ನಾನು ಸಿಂಧನೂರಿನಲ್ಲಿ ಅರ್ಜಿ, ಮನವಿ ಪತ್ರ ಟೈಪ್ ಮಾಡಿಕೊಡುವ ಕೆಲಸದಲ್ಲಿರುವವನು. ಈ ಮಾತುಗಳು ದಿನಾ ಕೈಯಲ್ಲಿ ಓಡಾಡುತ್ತವೆ. ಇವುಗಳಲ್ಲಿ ಆರಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಗಮನ ಕೊಡಬೇಕಾದ ಹೊಣೆ ಆ ಮನುಷ್ಯನ ಮೇಲೆ ಇತ್ತಾ, ಇರಲಿಲ್ವಾ? ಇತ್ತು ಅಂದರೆ ಕೆಲವು ಮಾತುಗಳು ಉಳಿಯುತ್ತವೆ. ಇರಲಿಲ್ಲ ಅಂದರೆ ಬೇರೆ ಕೆಲವು.

ಇಂಗ್ಲಿಷಿನ ಮಾತು ಹುಟ್ಟಿದ್ದು ಹೇಗೆ

ಇಂಡಿಫರೆನ್ಸ್ ಮೊದಲು ಬೈಗುಳವೇ ಆಗಿರಲಿಲ್ಲ. ಲ್ಯಾಟಿನ್ನಿನಲ್ಲಿ 'ಫೆರ್ರೆ' ಅಂದರೆ ಹೊರುವುದು. ನಮ್ಮ 'ಭಾರ' ಬಂದ ಸಂಸ್ಕೃತದ 'ಭರತಿ'ಗೂ ಇದಕ್ಕೂ ಮೂಲ ಒಂದೇ. 'ಡಿಫೆರ್ರೆ' ಅಂದರೆ ಹೊತ್ತು ಬೇರೆ ಬೇರೆ ಕಡೆಗೆ ಒಯ್ಯುವುದು, ಅಂದರೆ ಬೇರೆ ಮಾಡುವುದು. ಅದರ ಮುಂದೆ ಇಲ್ಲ ಅನ್ನುವ 'ಇನ್' ಸೇರಿದರೆ ಬೇರೆ ಮಾಡದ, ಭೇದ ಎಣಿಸದ ಅಂತಾಯಿತು.

ಗ್ರೀಸಿನ ಸ್ಟೋಯಿಕ್ ಚಿಂತಕರು 'ಅಡಿಯಾಫೊರಾ' ಅನ್ನುತ್ತಿದ್ದರು. ಆರೋಗ್ಯ, ಹಣ, ಹೆಸರು ಇವೆಲ್ಲ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ, ಗುಣ ಒಂದೇ ಒಳ್ಳೆಯದು ಅನ್ನುವುದು ಅವರ ವಾದ. ರೋಮಿನ ಸಿಸೆರೊ ಆ ಗ್ರೀಕ್ ಮಾತಿಗೆ ಲ್ಯಾಟಿನ್ನಿನಲ್ಲಿ 'ಇಂಡಿಫರೆನ್ಸ್' ಅನ್ನಬಹುದು ಅಂತ ಸೂಚಿಸಿದ. ಅದಾದದ್ದು ಕ್ರಿ.ಪೂ. 45ರಲ್ಲಿ. ಇಂಗ್ಲಿಷಿಗೆ ಬಂದ ಮೇಲೂ ಬಹಳ ಕಾಲ ಅದು ಹೊಗಳಿಕೆ. 16ನೇ ಶತಮಾನದ ಇಂಗ್ಲೆಂಡ್ ಚರ್ಚಿನ ಪ್ರಾರ್ಥನೆಯಲ್ಲಿ, ಅಧಿಕಾರದಲ್ಲಿರುವವರು 'ಇಂಡಿಫರೆಂಟ್' ಆಗಿ ನ್ಯಾಯ ಕೊಡಲಿ ಅಂತ ದೇವರನ್ನು ಕೇಳಿಕೊಳ್ಳುತ್ತಾರೆ. ಇವತ್ತಿನ ಅರ್ಥದಲ್ಲಿ ಓದಿದರೆ ನಗು ಬರುತ್ತದೆ. ಅವರು ಕೇಳಿದ್ದು ಪಕ್ಷಪಾತ ಇಲ್ಲದ ನ್ಯಾಯ.

ಎರಡು ಕಡೆಯೂ ಒಂದೇ ಅನ್ನುವವನು ನಿಧಾನಕ್ಕೆ ಯಾವ ಕಡೆ ಏನಾದರೂ ನನಗೇನು ಅನ್ನುವವನಾದ. ಅಲ್ಲಿಂದ ಅರ್ಥ ಕೆಳಗಿಳಿಯಿತು. ಈ ಇಳಿಜಾರು ಇಂಗ್ಲಿಷಿಗಷ್ಟೇ ಆದದ್ದಲ್ಲ. ನಮ್ಮ ಉದಾಸೀನದ ಗತಿಯೂ ಅದೇ.

ಉದಾಸೀನ

'ಆಸೀನ' ಅಂದರೆ ಕೂತವನು. ಮುಂದೆ 'ಉದ್' ಸೇರಿದೆ: ಮೇಲೆ, ಆಚೆ. ಗದ್ದಲದಿಂದ ಆಚೆ ಕೂತವನು ಉದಾಸೀನ. ಗೀತೆಯ 12ನೇ ಅಧ್ಯಾಯದಲ್ಲಿ ಕೃಷ್ಣ ತನಗೆ ಪ್ರಿಯನಾದ ಭಕ್ತನ ಗುಣಗಳನ್ನು ಹೇಳುವಾಗ ಉದಾಸೀನ ಅನ್ನುವುದನ್ನೂ ಸೇರಿಸುತ್ತಾನೆ. ಕೌಟಿಲ್ಯನ ಲೆಕ್ಕದಲ್ಲಿ ಉದಾಸೀನ ಅಂದರೆ ಜಗಳವಾಡುವ ರಾಜರ ಸುತ್ತಿನಿಂದ ಹೊರಗಿರುವ, ಅವರೆಲ್ಲರಿಗಿಂತ ಬಲ ಜಾಸ್ತಿ ಇರುವ ರಾಜ. ಅಂಥ ಆಚೆಯ ಜಾಗ ರಾಯಚೂರು ಸೀಮೆಗೆ ಸಿಗಲೇ ಇಲ್ಲ ಬಿಡಿ. ಕೃಷ್ಣಾ, ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ.

ಇವತ್ತಿನ ಕನ್ನಡದಲ್ಲಿ ಉದಾಸೀನ ಒಂದು ಮಟ್ಟಿನ ತಪ್ಪು, ದೊಡ್ಡ ಅಪರಾಧವಲ್ಲ. ಮನಸ್ಸು ಅದರಲ್ಲಿಲ್ಲ, ಅಷ್ಟೇ. 'ಕೆಮ್ಮು ಬಂದು ತಿಂಗಳಾಯ್ತು, ಉದಾಸೀನ ಮಾಡಬೇಡ್ರಿ, ತೋರಿಸ್ರಿ' ಅನ್ನುತ್ತೇವೆ. ತನ್ನ ಮೈ, ತನ್ನ ಓದು, ತನ್ನ ಹೊಲ, ಇಂಥ ತನ್ನದೇ ವಿಷಯಗಳಿಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಬೇರೆಯವರಿಗೆ ಉತ್ತರ ಕೊಡಬೇಕಾದ ಕಡೆ ಮೆತ್ತಗಾಗುತ್ತದೆ.

ಒಳ್ಳೆಯ ಉದಾಹರಣೆ ನಮ್ಮ ಕಲ್ಲುಬಂಡೆಗಳ ಮೇಲೇ ಇದೆ. ಕೊಪ್ಪಳದ ಗವಿಮಠದ ಹತ್ತಿರದ ಬಂಡೆ, ಅಲ್ಲೇ ಇರುವ ಪಾಲ್ಕಿಗುಂಡು, ಇತ್ತ ರಾಯಚೂರು ಜಿಲ್ಲೆಯ ಮಸ್ಕಿ, ಈ ಮೂರೂ ಕಡೆ ಅಶೋಕನ ಸಣ್ಣ ಶಿಲಾಶಾಸನ ಇದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಮಸ್ಕಿಯದ್ದು 1915ರಲ್ಲಿ ಸಿಕ್ಕಿತು. ಅದರಲ್ಲಿ ಅಶೋಕ ಅನ್ನುವ ಹೆಸರೇ ಇದ್ದದ್ದರಿಂದ, ಬೇರೆಡೆಯ ಶಾಸನಗಳ 'ದೇವಾನಾಂಪ್ರಿಯ' ಯಾರು ಅನ್ನುವುದು ಗಟ್ಟಿಯಾಯಿತು. ಶಾಸನದಲ್ಲಿ ರಾಜ ಹೇಳುವುದು ಏನು? ನಾನು ಬುದ್ಧನ ಉಪಾಸಕನಾದೆ, ಆದರೆ ಮೊದಮೊದಲು ಅಷ್ಟಾಗಿ ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದಮೇಲೆ ಶ್ರಮಪಟ್ಟೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಮೇಲೆ ಬರಬಹುದು.

ರಾಜನ ಆ ಮೊದಲಿನ ದಿನಗಳಿಗೆ ಯಾವ ಮಾತು ಹಾಕುತ್ತೀರಿ? ನಿರ್ಲಕ್ಷ್ಯ ಅಂದರೆ ಜೋರಾಯಿತು, ಯಾರೂ ಅವನಿಗೆ ಆ ಕೆಲಸ ಒಪ್ಪಿಸಿರಲಿಲ್ಲ. ಅಸಡ್ಡೆ ಅನ್ನೋಣ ಅಂದರೆ ಅವನಿಗೆ ನಂಬಿಕೆ ಇತ್ತು. ನಾನಂತೂ ಉದಾಸೀನ ಅಂತಲೇ ಬರೆಯುತ್ತೇನೆ.

ಒಂದು ಎಚ್ಚರ ಬೇಕು. ರಾಯಚೂರಿನ ಬಜಾರಿನಲ್ಲಿ ಉರ್ದು ಮನೆಮಾತಿನವರ ಜೊತೆ ಮಾತಾಡುವಾಗ 'ಉದಾಸ್' ಅಂದರೆ ಬೇಜಾರಿನಲ್ಲಿರುವವನು. ಮಂಗಳೂರು ಕಡೆಗೆ ಹೋದರೆ ಉದಾಸೀನ ಅಂದರೆ ಸೋಮಾರಿತನ. ಅಲ್ಲಿಯವರು 'ಇವತ್ತು ಉದಾಸೀನ ಆಗ್ತದೆ' ಅಂದರೆ ಎದ್ದು ಕೆಲಸಕ್ಕೆ ಹೋಗಲು ಮೈ ಭಾರ ಅಂತ ತಿಳಿಯಬೇಕು, ಜೀವನದ ಮೇಲೆ ಆಸೆ ಬಿಟ್ಟಿದ್ದಾರೆ ಅಂತ ಗಾಬರಿ ಬೀಳಬಾರದು.

ನಿರ್ಲಕ್ಷ್ಯ: ಹೊಣೆ ಇದ್ದಲ್ಲಿ ಮಾತ್ರ

'ಲಕ್ಷ್ಯ' ಅಂದರೆ ಗುರಿ, ಗಮನ ಇಡಬೇಕಾದ್ದು. ಲಕ್ಷ್ಯ ಇಡಬೇಕಾದ ಕಡೆ ಇಡದೇ ಹೋದರೆ ನಿರ್ಲಕ್ಷ್ಯ. ಅದರ ತಮ್ಮ 'ಅಲಕ್ಷ್ಯ'. ನಮ್ಮ ಕಡೆಯ ಪೊಲೀಸ್ ಠಾಣೆಗಳಲ್ಲಿ ರಸ್ತೆ ಅಪಘಾತದ ದೂರು ಓದಿದರೆ 'ಅತಿವೇಗ ಮತ್ತು ಅಲಕ್ಷ್ಯತನದಿಂದ ಚಾಲನೆ ಮಾಡಿ' ಅನ್ನುವ ಸಾಲು ತಪ್ಪದೇ ಇರುತ್ತದೆ. ಅದು ಬರೆಯುವವರ ಚಟವಲ್ಲ. ಕಾನೂನಿನ ಕಲಮೇ ಆ ಮಾತನ್ನು ಕೇಳುತ್ತದೆ. ಮೊದಲು ಐಪಿಸಿ 279 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಬಂದಿದೆ. ನಿರ್ಲಕ್ಷ್ಯದಿಂದ ಸಾವಾದರೆ ಹಿಂದಿನ 304ಎ ಬದಲು ಈಗ 106. ಇಲ್ಲಿ 'ಚಾಲಕನ ಉದಾಸೀನದಿಂದ' ಅಂತ ಬರೆದರೆ ಓದಲು ಏನೋ ಸೊಗಸಾಗಿರುತ್ತದೆ, ಕೇಸು ಮಾತ್ರ ಸಡಿಲ.

ಹೊಣೆ ಯಾರದು ಅಂತ ಹೇಳಲು ಆಗದ ಕಡೆ ನಿರ್ಲಕ್ಷ್ಯ ಅಂತ ಬರೆಯಬೇಡಿ. ತುಂಗಭದ್ರಾ ಜಲಾಶಯದ ಸಂಗತಿ ನೆನಪಿರಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. 33 ಗೇಟುಗಳ, ಸುಮಾರು 70 ವರ್ಷ ಹಳೆಯ ಡ್ಯಾಂ. ಮರುದಿನ ಬೆಳಿಗ್ಗೆಯೇ ಮೂರೂ ಜಿಲ್ಲೆಗಳ ಚಹಾ ಅಂಗಡಿಗಳಲ್ಲಿ ಒಂದೇ ಮಾತು: ನಿರ್ಲಕ್ಷ್ಯ. ಚಹಾ ಅಂಗಡಿಯಲ್ಲಿ ಅಂದರೆ ನಡೆಯುತ್ತದೆ. ಕಾಗದದ ಮೇಲೆ ಬರೆಯುವಾಗ ಯಾರು ನೋಡಬೇಕಿತ್ತು, ಯಾವಾಗ ನೋಡಬೇಕಿತ್ತು, ನೋಡಿದ್ದರಾ ಅನ್ನುವುದು ಗೊತ್ತಾಗುವವರೆಗೆ 'ನಿರ್ಲಕ್ಷ್ಯದ ಆರೋಪ' ಅನ್ನಬೇಕು. ಹಳೆಯ ಕಬ್ಬಿಣ ಸವೆಯುವುದೂ ಒಂದು ಕಾರಣವೇ. ಆ ಸವೆತವನ್ನು ಯಾರೂ ನೋಡಲಿಲ್ಲ ಅಂದಾಗ ಅದು ನಿರ್ಲಕ್ಷ್ಯ.

ಈ ಮಾತು ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ಎಡದಂಡೆ ಕಾಲುವೆಯ ಕೆಳಭಾಗದವರಿಗೆ. ಮಾನ್ವಿ, ಸಿರವಾರ, ರಾಯಚೂರು ಕಡೆಯ ಹೊಲಗಳಿಗೆ ನೀರು ಮುಟ್ಟುವಷ್ಟರಲ್ಲಿ ಮೇಲಿನವರ ಭತ್ತ ಅರ್ಧ ಕುಡಿದಿರುತ್ತದೆ. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಅಂತ ಲೆಕ್ಕ ಹಾಕಿದ್ದ ಕಾಲುವೆಯಲ್ಲಿ ಮೇಲ್ಭಾಗದವರೆಲ್ಲ ಭತ್ತ ನಾಟಿದರೆ ಇನ್ನೇನಾಗುತ್ತದೆ? ಹಾಗಾಗಿ ವರ್ಷಾ ಮನವಿ, ವರ್ಷಾ ರಸ್ತೆ ತಡೆ.

ಮಾನ್ವಿ ಕಡೆಯ ಹಿರಿಯ ರೈತರೊಬ್ಬರು ಒಮ್ಮೆ ಕೈಬರಹದ ಕಾಗದ ತಂದಿದ್ದರು, ನೀಟಾಗಿ ಟೈಪ್ ಮಾಡಿಕೊಡಬೇಕು ಅಂತ. ಅದರಲ್ಲಿ 'ಅಧಿಕಾರಿಗಳ ಉದಾಸೀನ, ಉಪೇಕ್ಷೆ, ಅಸಡ್ಡೆ, ತಾತ್ಸಾರ ಹಾಗೂ ನಿರ್ಲಕ್ಷ್ಯದಿಂದಾಗಿ' ಅಂತಿತ್ತು.

'ಯಜಮಾನ್ರೆ, ಇಷ್ಟೊಂದು ಯಾಕ್ರೀ?' ಅಂದೆ.

'ಐದು ಬಿತ್ತೀನಿ ತಮ್ಮಾ, ಒಂದಾದ್ರೂ ಹುಟ್ಲಿ' ಅಂದರು.

ಅವರ ಮಾತಿಗೆ ನಗು ಬಂತು, ಆದರೆ ಮನವಿಯಲ್ಲಿ ಐದೂ ಇದ್ದರೆ ಒಂದೂ ಹುಟ್ಟುವುದಿಲ್ಲ. ಟೇಬಲ್ಲಿನ ಆ ಕಡೆ ಕೂತವರು ಐದು ಮಾತುಗಳನ್ನು ಓದಿ 'ಸಿಟ್ಟಿನಲ್ಲಿ ಬರೆದಿದ್ದಾರೆ' ಅಂತ ಮಗುಚಿ ಇಡುತ್ತಾರೆ. ಒಂದೇ ಮಾತು ಇಟ್ಟು, ಅದಕ್ಕೆ ಆಧಾರ ಕೊಟ್ಟರೆ ಉತ್ತರ ಬರೆಯಲೇಬೇಕಾಗುತ್ತದೆ. ಕೊನೆಗೆ 'ನಿರ್ಲಕ್ಷ್ಯ' ಒಂದನ್ನೇ ಉಳಿಸಿದೆವು. ಅದರ ಕೆಳಗೆ ಹಿಂದಿನ ಮನವಿ ಕೊಟ್ಟ ತಾರೀಖು, ಅದರ ಸ್ವೀಕೃತಿ, ಕಾಲುವೆಯ 69ನೇ ಮೈಲಿನಲ್ಲಿ ಇರಬೇಕಾದ ಗೇಜ್ (ನೀರಿನ ಮಟ್ಟ) ಎಷ್ಟು, ಇರುವುದು ಎಷ್ಟು, ಉಪಕಾಲುವೆಗೆ ಗ್ಯಾಂಗ್‌ಮನ್ ಬಂದು ಎಷ್ಟು ದಿನ ಆಯಿತು, ಇಷ್ಟನ್ನು ಹಾಕಿದೆವು. ಯಜಮಾನರಿಗೆ ತಾತ್ಸಾರ ತೆಗೆದದ್ದು ಮಾತ್ರ ಸಮಾಧಾನ ಇರಲಿಲ್ಲ. 'ಅದೇ ನಿಜ ಇತ್ತಲ್ಲೋ' ಅಂದರು. ನಿಜವೇ ಇರಬಹುದು. ಆದರೆ ತಾತ್ಸಾರಕ್ಕೆ ಸ್ವೀಕೃತಿ ಪತ್ರ ಸಿಗುವುದಿಲ್ಲ.

ಕಚೇರಿಯವರ ಬಾಯಲ್ಲಿ ಇದಕ್ಕೆ ಇನ್ನೂ ಗಟ್ಟಿ ಮಾತೊಂದಿದೆ, 'ಕರ್ತವ್ಯಲೋಪ'. ಅಮಾನತು ಆದೇಶಗಳಲ್ಲಿ ಬರುವುದು ಇದೇ. ಒಬ್ಬ ನೌಕರನ ಮೇಲೆ ಕ್ರಮ ಆಗಬೇಕು ಅಂತಿದ್ದರೆ ಇದನ್ನು ಬಳಸಿ, ಕೆಲಸ ಆದರೆ ಸಾಕು ಅಂತಿದ್ದರೆ ಬಳಸಬೇಡಿ. ಕರ್ತವ್ಯಲೋಪ ಅಂತ ಓದಿದ ಕೂಡಲೇ ಆ ಕಚೇರಿ ನಿಮ್ಮ ಕೆಲಸ ಬಿಟ್ಟು ತನ್ನನ್ನು ಕಾಪಾಡಿಕೊಳ್ಳಲು ಹೊರಡುತ್ತದೆ. ಜಾತಿ ಪ್ರಮಾಣಪತ್ರದಂಥ ದಿನ ಗೊತ್ತುಮಾಡಿದ ಸೇವೆಗಳಿಗೆ ಎರಡೂ ಬೇಡ. 2011ರ ಸಕಾಲ ಕಾಯ್ದೆ ಇದೆ. ಅರ್ಜಿ ಕೊಟ್ಟಾಗ ಸಿಗುವ 15 ಅಂಕಿಯ ಜಿಎಸ್‌ಸಿ ನಂಬರ್ ಹಾಕಿ 'ಅವಧಿ ಮೀರಿದೆ, ವಿಳಂಬ' ಅಂತ ಬರೆದರೆ ಸಾಕು. ತಡವಾದ ದಿನಕ್ಕೆ 20 ರೂಪಾಯಿಯಂತೆ, ಜಾಸ್ತಿ ಅಂದರೆ 500 ರೂಪಾಯಿ ಪರಿಹಾರವನ್ನೂ ಆ ಕಾಯ್ದೆ ಹೇಳುತ್ತದೆ. ಗ್ರಾಹಕರ ಆಯೋಗಕ್ಕೆ ಹೋಗುವಾಗ 'ಸೇವಾ ನ್ಯೂನತೆ'. ನಿರ್ಲಕ್ಷ್ಯವೂ ಅದರ ಒಳಗೇ ಬರುತ್ತದೆ.

ಮಲತಾಯಿ ಧೋರಣೆ, ತಾರತಮ್ಯ

ಈ ಭಾಗದ ಭಾಷಣಗಳಲ್ಲಿ ನಿರ್ಲಕ್ಷ್ಯ ಮತ್ತು ಮಲತಾಯಿ ಧೋರಣೆ ಜೋಡಿಯಾಗಿ ಬರುತ್ತವೆ. ಎರಡೂ ಬೇರೆ. ಯಾರನ್ನೂ ನೋಡದಿದ್ದರೆ ನಿರ್ಲಕ್ಷ್ಯ. ಒಬ್ಬರನ್ನು ನೋಡಿ ಇನ್ನೊಬ್ಬರನ್ನು ಬಿಟ್ಟರೆ ತಾರತಮ್ಯ. ತಾರತಮ್ಯದಲ್ಲಿ ಇರುವುದೇ 'ತರ', 'ತಮ' ಅನ್ನುವ ಸಂಸ್ಕೃತ ಪ್ರತ್ಯಯಗಳು. ಉನ್ನತ, ಉನ್ನತತರ, ಉನ್ನತತಮ ಅನ್ನುತ್ತೇವಲ್ಲ, ಅವು. ಅಂದರೆ ಹೆಚ್ಚು ಕಡಿಮೆ ಎಣಿಸುವುದು. ಇಂಡಿಫರೆನ್ಸ್‌ನ ಹಳೆಯ ಅರ್ಥಕ್ಕೆ ಇದು ನೇರ ಎದುರು. ಕಾಲುವೆಯ ಕೆಳಭಾಗದ ರೈತ ಕೇಳುತ್ತಿರುವುದು ಆ ಹಳೆಯ ಅರ್ಥದ ಇಂಡಿಫರೆನ್ಸನ್ನೇ. ಮೇಲಿನ ತೂಬು, ಕೆಳಗಿನ ತೂಬು ಅಂತ ಭೇದ ಮಾಡಬೇಡಿ ಅಂತ.

ಹಾಗಾಗಿ ಹೋಲಿಕೆ ಇದ್ದರಷ್ಟೇ ತಾರತಮ್ಯ ಅನ್ನಿ. ಪಕ್ಕದ ಜಿಲ್ಲೆಗೆ ಎಷ್ಟು, ನಮಗೆ ಎಷ್ಟು ಅನ್ನುವ ಅಂಕಿ ಕೈಯಲ್ಲಿರಬೇಕು. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಗೆ ಇವತ್ತಿಗೂ ಬೆಲೆ ಇರುವುದು ಅದಕ್ಕೇ. ಅದು ಬೈಯಲಿಲ್ಲ, ತಾಲ್ಲೂಕುಗಳನ್ನು ಅಳೆದು ಹಿಂದುಳಿದವು, ಅತಿ ಹಿಂದುಳಿದವು ಅಂತ ಸಾಲಾಗಿ ಇಟ್ಟಿತು. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಲ್ಲಿ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂದದ್ದೂ ಈ ಪ್ರಾದೇಶಿಕ ಅಸಮಾನತೆಯ ಹೆಸರಿನಲ್ಲೇ. ಮಲತಾಯಿ ಧೋರಣೆ ಅನ್ನುವುದು ವೇದಿಕೆಗೆ ಸರಿ, ಚಪ್ಪಾಳೆ ಬೀಳುತ್ತದೆ. ನನಗೆ ವೈಯಕ್ತಿಕವಾಗಿ ಆ ಮಾತು ಹಿಡಿಸುವುದಿಲ್ಲ. ಮಲಮಕ್ಕಳನ್ನು ಹೊಟ್ಟೆಯ ಮಕ್ಕಳಿಗಿಂತ ಚೆನ್ನಾಗಿ ಸಾಕಿದ ಎಷ್ಟೋ ತಾಯಂದಿರು ನಮ್ಮ ಓಣಿಗಳಲ್ಲೇ ಇದ್ದಾರೆ. ಸರ್ಕಾರವನ್ನು ಬೈಯಲು ಅವರ ಹೆಸರು ಯಾಕೆ?

ಅಸಡ್ಡೆ, ತಾತ್ಸಾರ

ಅಸಡ್ಡೆ ಬಂದದ್ದು 'ಅಶ್ರದ್ಧೆ'ಯಿಂದ. ಶ್ರದ್ಧೆ ಬಾಯಲ್ಲಿ ತಿರುಗಿ ಸಡ್ಡೆ ಆಯಿತು. ಸಡ್ಡೆ ಬಳಕೆಯಿಂದ ಬಿದ್ದುಹೋಗಿ ಅಸಡ್ಡೆ ಮಾತ್ರ ಉಳಿಯಿತು. ಶ್ರದ್ಧೆಗೂ ಲ್ಯಾಟಿನ್ನಿನ 'ಕ್ರೇಡೋ'ಗೂ ರಕ್ತಸಂಬಂಧ ಇದೆ, ಕ್ರೇಡೋದಿಂದಲೇ ಕ್ರೆಡಿಟ್ ಬಂದದ್ದು. ಸೊಸೈಟಿಯಲ್ಲಿ ಸಾಲ ಕೊಡುವವರು ಅಸಡ್ಡೆ ತೋರಿಸಿದರೆ ಅದು ಮಾತಿನ ಮನೆಯೊಳಗಿನ ಜಗಳ ಅನ್ನಬಹುದು!

ಅಸಡ್ಡೆ ಕಣ್ಣಿಗೆ ಕಾಣುವಂಥದ್ದು. ನಡೆಯಲ್ಲಿ, ಮುಖದಲ್ಲಿ, ಕೈಯಲ್ಲಿ ಇರುತ್ತದೆ. ಕಿಟಕಿಯ ಆ ಕಡೆ ಕೂತವನು ಫೋನಿನಿಂದ ಕಣ್ಣೆತ್ತದೆ ನಿಮ್ಮ ಕಾಗದ ತೆಗೆದುಕೊಳ್ಳುತ್ತಾನೆ. ಓದದೆ ಪಕ್ಕದ ಫೈಲಿನ ಮೇಲೆ ಎಸೆಯುತ್ತಾನೆ. ಕಾಗದ ಜಾರಿ ಕೆಳಗೆ ಬೀಳುತ್ತದೆ, ಎತ್ತಿಕೊಳ್ಳುವುದಿಲ್ಲ. ಇದು ಅಸಡ್ಡೆ. ಅದೇ ಕಾಗದ ಎರಡು ತಿಂಗಳು ಅಲ್ಲೇ ಬಿದ್ದಿದ್ದರೆ ನಿರ್ಲಕ್ಷ್ಯ. 'ನಿಮ್ಮಂಥೋರಿಗೆಲ್ಲ ಮೊದಲು ಮಾಡಿಕೊಡಬೇಕಾ?' ಅಂತ ಕೇಳಿದರೆ ತಾತ್ಸಾರ.

ತಾತ್ಸಾರ ಈ ಗುಂಪಿನಲ್ಲೇ ಕೆಟ್ಟದ್ದು. ಬೇರೆಯವುಗಳಲ್ಲಿ ಎದುರಿನವನು ಕಾಣಿಸುವುದಿಲ್ಲ. ಇದರಲ್ಲಿ ಕಾಣಿಸುತ್ತಾನೆ, ಕೀಳಾಗಿ ಕಾಣಿಸುತ್ತಾನೆ. ಮಾನ್ವಿಯ ಜಗನ್ನಾಥದಾಸರ ಬಗ್ಗೆ ಇರುವ ಪ್ರತೀತಿ ಇದಕ್ಕೆ ಸರಿಯಾಗಿ ಕೂರುತ್ತದೆ. ಆಗ ಅವರು ಶ್ರೀನಿವಾಸಾಚಾರ್ಯ ಅನ್ನುವ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟುವ ದಾಸರು ಅಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ಹೋಗಲಿಲ್ಲ. ಆಮೇಲೆ ಹೊಟ್ಟೆನೋವು ನಿಜಕ್ಕೂ ಬಂತು, ಯಾವ ಮದ್ದಿಗೂ ಬಗ್ಗಲಿಲ್ಲ. ವಿಜಯದಾಸರು ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ತಮ್ಮ ಆಯಸ್ಸಿನಲ್ಲೇ 40 ವರ್ಷ ಕೊಟ್ಟರು ಅನ್ನುತ್ತಾರೆ. ಮುಂದೆ ಆ ಶ್ರೀನಿವಾಸಾಚಾರ್ಯರೇ ಕನ್ನಡದ ದೊಡ್ಡ ದಾಸರಾದರು. ಈ ಕಥೆಯಲ್ಲಿ 'ಉದಾಸೀನ ಮಾಡಿದರು' ಅಂತ ಹಾಕಿ ನೋಡಿ, ಕಥೆ ನಿಲ್ಲುವುದಿಲ್ಲ. ಊಟಕ್ಕೆ ಹೋಗದಿದ್ದುದು ತಪ್ಪಲ್ಲ, ಯಾಕೆ ಹೋಗಲಿಲ್ಲ ಅನ್ನುವುದೇ ತಪ್ಪು.

ಉಪೇಕ್ಷೆ

ಇದು ಈಗ ಪುಸ್ತಕದ ಮಾತು. 'ಉಪ' ಮತ್ತು 'ಈಕ್ಷ್', ಹತ್ತಿರದಿಂದ ನೋಡುತ್ತಾ ಇರುವುದು. ನೋಡುತ್ತಿದ್ದೂ ಕೈಹಾಕದಿರುವುದು. ಬೌದ್ಧರಲ್ಲಿ ಮೈತ್ರಿ, ಕರುಣೆ, ಮುದಿತೆಗಳ ಜೊತೆ ನಾಲ್ಕನೆಯದಾಗಿ ಉಪೇಕ್ಷೆ ಬರುತ್ತದೆ, ಪತಂಜಲಿಯ ಯೋಗಸೂತ್ರದಲ್ಲೂ ಈ ನಾಲ್ಕೂ ಒಟ್ಟಿಗೆ ಇವೆ. ಜೈನರು ಆ ಜಾಗದಲ್ಲಿ ಮಾಧ್ಯಸ್ಥ ಅನ್ನುತ್ತಾರೆ. ಕೊಪ್ಪಳ ಒಂದು ಕಾಲಕ್ಕೆ ಕೋಪಣ ಅನ್ನುವ ದೊಡ್ಡ ಜೈನ ತೀರ್ಥವಾಗಿತ್ತು, ಅಲ್ಲಿಯ ಮುನಿಗಳಿಗೆ ಮಾಧ್ಯಸ್ಥ ಸಾಧನೆಯ ಮಾತು. ದಾರಿಗೆ ಬಾರದವನ ಮೇಲೂ ಸಿಟ್ಟು ಮಾಡಿಕೊಳ್ಳದಿರುವುದು ಅಂತ ಅರ್ಥ. ದಿನದ ಬರಹಕ್ಕೆ ಉಪೇಕ್ಷೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೊಗಳಿಕೆಯೋ ಬೈಗುಳವೋ ಅಂತ ಓದುವವರಿಗೆ ತಿಳಿಯುವುದಿಲ್ಲ.

ತಟಸ್ಥ, ನಿರ್ಲಿಪ್ತ

ಇವೆರಡರಲ್ಲಿ ದೂರು ಇಲ್ಲ. ತಟಸ್ಥ ಅಂದರೆ ದಡದ ಮೇಲೆ ನಿಂತವನು. ಆನೆಗೊಂದಿ ಕಡೆ ಹೊಳೆ ತುಂಬಿದಾಗ ದಡದಲ್ಲಿ ನಿಂತು ನೋಡುವವರಿದ್ದಾರಲ್ಲ, ಅವರೇ ಅಕ್ಷರಶಃ ತಟಸ್ಥರು. ಪಂಚಾಯಿತಿ ಅಧ್ಯಕ್ಷರ ಮೇಲೆ ಅವಿಶ್ವಾಸ ಬಂದಾಗ ಯಾರ ಕಡೆಗೂ ಕೈ ಎತ್ತದ ಸದಸ್ಯ ತಟಸ್ಥ. ಅವನನ್ನು ಉದಾಸೀನ ಅನ್ನಬೇಡಿ. ಅವನಿಗೆ ಫಲಿತಾಂಶದ ಮೇಲೆ ಎಲ್ಲರಿಗಿಂತ ಜಾಸ್ತಿ ಆಸಕ್ತಿ ಇರುತ್ತದೆ! ಇಬ್ಬರ ಜಗಳದಲ್ಲಿ ತಟಸ್ಥನಾಗಿರುವುದು ಸರಿ. ಒಬ್ಬ ಇನ್ನೊಬ್ಬನನ್ನು ಹೊಡೆಯುತ್ತಿದ್ದಾಗ ಪೊಲೀಸಿನವನು ತಟಸ್ಥನಾಗಿದ್ದ ಅಂತ ಬರೆದರೆ ಮಾತು ಅವನ ತಪ್ಪನ್ನು ಮುಚ್ಚಿಬಿಡುತ್ತದೆ. ಅಲ್ಲಿ ಹೊಣೆ ಇದೆ, ನಿರ್ಲಕ್ಷ್ಯ ಅನ್ನಲೇಬೇಕು.

ನಿರ್ಲಿಪ್ತ ಅಂದರೆ ಅಂಟದವನು. ಲೇಪ ಅನ್ನುವ ಮಾತಿನ ಮೂಲವೇ ಇದರದ್ದೂ. ಕೆಲಸದಲ್ಲಿ ಪೂರ್ತಿ ಇದ್ದೂ ಫಲ ಅಂಟಿಸಿಕೊಳ್ಳದವನಿಗೆ ಇದು ಸಲ್ಲುತ್ತದೆ. ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸಿಕೊಳ್ಳಿ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇಷ್ಟು ಅಕ್ಕಿಯ ಆಸೆ ನಮಗೇಕೆ, ಒಯ್ದು ಅಲ್ಲೇ ಸುರಿದು ಬಾ ಅಂದವಳು. ಕಾಯಕ ಬಿಡು ಅನ್ನಲಿಲ್ಲ. ಕಾಯಕದಲ್ಲೂ ಮನಸ್ಸಿಲ್ಲದವನನ್ನು ನಿರ್ಲಿಪ್ತ ಅಂತ ಹೊಗಳುವುದು ಇತ್ತೀಚೆಗೆ ಬೀಳ್ಕೊಡುಗೆ ಭಾಷಣಗಳಲ್ಲಿ ಶುರುವಾಗಿದೆ. ನಿವೃತ್ತರಾಗುವವರು ಎದುರಿಗೇ ಕೂತಿರುತ್ತಾರೆ, ಬೇರೆ ಏನು ಹೇಳಲೂ ಆಗುವುದಿಲ್ಲ ಅನ್ನಿ.

ಕ್ಯಾರೇ, ದರಕಾರ, ಪರವಾ

ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಬಳ್ಳಾರಿ ಮದ್ರಾಸಿಗೆ ಸೇರಿತ್ತು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂತು. ಕಚೇರಿ ಉರ್ದುವಿನಲ್ಲಿ ನಡೆದ ಕಡೆ ಆ ಭಾಷೆಯ ಮಾತುಗಳು ಮನೆಯೊಳಗೂ ಬಂದವು. 'ಅವನಿಗೆ ಯಾರ ದರಕಾರನೂ ಇಲ್ಲ' ಅನ್ನುವಾಗಿನ ದರಕಾರ ಪಾರಸಿಯದು, ಬೇಕಾದದ್ದು ಅಂತ ಮೂಲ ಅರ್ಥ. ಯಾರೂ ಬೇಕಾಗಿಲ್ಲ ಅನ್ನುವ ಠೇಂಕಾರಕ್ಕೆ ಇದಕ್ಕಿಂತ ಒಳ್ಳೆಯ ಮಾತು ನನಗಂತೂ ಸಿಕ್ಕಿಲ್ಲ. ಕ್ಯಾರೇ ಅಂದರೆ ದಖ್ಖನಿಯ 'ಕ್ಯಾ ರೇ', ಏನೋ ಅಂತ. ಅಷ್ಟೂ ಕೇಳದವನು ಕ್ಯಾರೇ ಅನ್ನದವನು. ಪೇಪರಿಗೆ, ವಾಟ್ಸ್‌ಆ್ಯಪ್‌ಗೆ ಧಾರಾಳವಾಗಿ ಬಳಸಿ. ಮನವಿಗೆ ಬೇಡ.

ಬೇಪರ್ವಾ ಅನ್ನುವುದೂ ಈ ಕಡೆ ಉಂಟು. ಪಾರಸಿಯ 'ಪರ್ವಾ' ಅಂದರೆ ಚಿಂತೆ, ಕಾಳಜಿ. ಅದೇ ಪರವಾ ಕನ್ನಡದ 'ಇಲ್ಲ' ಜೊತೆ ಸೇರಿ 'ಪರವಾಗಿಲ್ಲ' ಆಯಿತು. ಬೇಪರ್ವಾ ಅಂದರೆ ಬೈಗುಳ, ಪರವಾಗಿಲ್ಲ ಅಂದರೆ ಸಮಾಧಾನ. ಎರಡರ ಅಕ್ಷರಾರ್ಥ ಒಂದೇ, ಚಿಂತೆ ಇಲ್ಲ. ಕಾಲು ತುಳಿದವನಿಗೆ ನೀವು ಪರವಾಗಿಲ್ಲ ಅಂದರೆ ದೊಡ್ಡತನ, ತುಳಿದವನೇ ಅಂದರೆ ಬೇಪರ್ವಾ.

ಪಿಯುಸಿ ಮಕ್ಕಳಿಗೆ

ಅರ್ಥಶಾಸ್ತ್ರ ಓದುವವರು ಇಂಡಿಫರೆನ್ಸ್ ಕರ್ವ್ ಅನ್ನುವುದಕ್ಕೆ ಉದಾಸೀನ ವಕ್ರರೇಖೆ, ತಟಸ್ಥ ವಕ್ರರೇಖೆ ಅಂತೆಲ್ಲ ಓದಿ ತಲೆ ಕೆರೆದುಕೊಳ್ಳುತ್ತಾರೆ. ಎಜ್‌ವರ್ತ್ 1881ರಲ್ಲಿ ಈ ರೇಖೆಯ ವಿಚಾರ ಮುಂದಿಟ್ಟ. ಇಲ್ಲಿ ಇರುವುದು ಆ ಹಳೆಯ ಲ್ಯಾಟಿನ್ ಅರ್ಥ: ಭೇದ ಇಲ್ಲ. ತಿಂಗಳಿಗೆ 10 ಕೆಜಿ ಸೋನಾಮಸೂರಿ, 4 ಕೆಜಿ ಜೋಳ ಇದ್ದರೂ ಸರಿ, 7 ಕೆಜಿ ಸೋನಾಮಸೂರಿ, 9 ಕೆಜಿ ಜೋಳ ಇದ್ದರೂ ಸರಿ ಅನ್ನುವ ಮನೆಗೆ ಆ ಎರಡೂ ಒಂದೇ ರೇಖೆಯ ಮೇಲಿನ ಬಿಂದುಗಳು. ಆ ಮನೆಯವರಿಗೆ ಅಕ್ಕಿಯ ಮೇಲೆ ಉದಾಸೀನವಿಲ್ಲ, ಜೋಳದ ಮೇಲೆ ಅಸಡ್ಡೆಯೂ ಇಲ್ಲ. ಎರಡೂ ಬೇಕು, ಯಾವ ಗಂಟು ಕೊಟ್ಟರೂ ತೃಪ್ತಿ ಅಷ್ಟೇ. ಹಾಗಾಗಿ ಉದಾಸೀನವೂ ತಟಸ್ಥವೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. 'ಸಮತೃಪ್ತಿ ರೇಖೆ' ಅಂದಿದ್ದರೆ ಮಕ್ಕಳಿಗೆ ಸುಲಭವಾಗುತ್ತಿತ್ತು ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಮಾತ್ರ ನಿಮ್ಮ ಪಠ್ಯಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ಬರೆಯಿರಿ.